ಸೌಂಡ್ ಬರುತ್ತೆ, ಮಾತು ಗೊತ್ತಾಗಲ್ಲ

ಅಜ್ಜನ ಕಿವಿ ಸ್ವಲ್ಪ ದೂರ ಎಂದರೆ ಮನೆಮಂದಿಯೆಲ್ಲ ನಗುತ್ತಾರೆ, ಅಜ್ಜನೂ ನಗುತ್ತಾನೆ. ಎಲ್ಲರೂ ಕೊಂಚ ಗಟ್ಟಿಯಾಗಿ ಮಾತಾಡಿ ದಿನ ದೂಡುತ್ತಾರೆ. ಅದೇ ತೊಂದರೆ ಇಪ್ಪತ್ತೆರಡರ ಮೊಮ್ಮಗನಿಗಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಅವನಿಗೆ ಬೇರೆ ಹೆಸರುಗಳು ಕಾದಿರುತ್ತವೆ: ಅಸಡ್ಡೆ, ಮೈಮರೆವು, ಮೊಬೈಲಿನ ಹುಚ್ಚು. "ಇವನ ಕಿವಿ ಚೆನ್ನಾಗೇ ಇದೆ ಮೇಡಂ, ನಾನು ಕೂಗಿದಾಗ ಮಾತ್ರ ಕೇಳಲ್ಲ" ಎಂದು ತಾಯಂದಿರು ನನ್ನೆದುರು ದೂರುವುದುಂಟು. ಆ ದೂರಿನಲ್ಲಿ ಅರ್ಧ ನಿಜ ಇರುತ್ತದೆ. ಎದುರು ಕೂತು ಮಾತಾಡಿದರೆ ಹುಡುಗನಿಗೆ ಕೇಳುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಬೆನ್ನ ಹಿಂದಿನಿಂದ ಕರೆದರೆ ಕೇಳುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದೇ ಇವತ್ತಿನ ನನ್ನ ಮಾತಿನ ತಿರುಳು.

ನಾನು ಆಡಿಯಾಲಜಿಸ್ಟ್, ಎಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಕೇಳದಿದ್ದರೆ ಕೇಳುವ ದಾರಿ ಮಾಡಿಕೊಡುವುದು ನನ್ನ ಕೆಲಸ. ಕಿವುಡು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮೌನ. ಆದರೆ ಹರೆಯದವರ ಕಿವಿ ಹಾಗೆ ಕೆಡುವುದು ಅಪರೂಪ. ಅವರು ಬಂದು ಕೂತು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸೌಂಡ್ ಬರುತ್ತೆ ಮೇಡಂ, ಏನು ಹೇಳ್ತಿದಾರೆ ಅಂತ ಗೊತ್ತಾಗಲ್ಲ." ಮನೆಯವರಿಗೆ ಇದು ಕುಂಟುನೆಪದಂತೆ ಕೇಳಿಸುತ್ತದೆ. ನಮಗೆ ಇದು ಪಾಠಪುಸ್ತಕದ ಮೊದಲ ಪುಟ.

ನಾವಾಡುವ ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು. ಆ ಬಲವೆಲ್ಲ ತಗ್ಗಿನ ಆವರ್ತನಗಳಲ್ಲಿರುತ್ತದೆ. ಸ, ಶ, ಚ, ತ, ಕ ಇಂಥ ವ್ಯಂಜನಗಳು ಮೆಲುದನಿಯವು, ಅವುಗಳ ಗುರುತು ಇರುವುದು ಎತ್ತರದಲ್ಲಿ, 2000 ಹರ್ಟ್ಸ್‌ನಿಂದ ಮೇಲಕ್ಕೆ. ಹತ್ತು, ಹಕ್ಕು, ಹಚ್ಚು ಎಂಬ ಮೂರು ಮಾತುಗಳಲ್ಲಿ ಸ್ವರ ಒಂದೇ. ನಡುವಿನ ವ್ಯಂಜನ ಕೇಳದಿದ್ದರೆ ಮೂರೂ ಒಂದೇ ಗುಂಯ್ ಎನ್ನುವ ಸದ್ದು. ಜೋರಾದ ಸದ್ದಿನಿಂದ ಹಾಳಾಗುವ ಕಿವಿ ಮೊದಲು ಕಳೆದುಕೊಳ್ಳುವುದು ಈ ಎತ್ತರದ ಭಾಗವನ್ನೇ, 3000ದಿಂದ 6000 ಹರ್ಟ್ಸ್‌ವರೆಗೆ. ತಗ್ಗಿನ ಭಾಗ ಚೆನ್ನಾಗಿಯೇ ಉಳಿದಿರುತ್ತದೆ. ಆದ್ದರಿಂದ ಬಾಗಿಲು ಬಡಿದರೆ ಕೇಳುತ್ತದೆ, ಲಾರಿ ಹೋದರೆ ಕೇಳುತ್ತದೆ, ಕರೆದದ್ದೂ ಕೇಳುತ್ತದೆ, ಯಾಕೆ ಕರೆದರು ಎಂಬುದು ತಿಳಿಯುವುದಿಲ್ಲ. ಸುತ್ತ ಗದ್ದಲವಿಲ್ಲದಿದ್ದರೆ, ಎದುರಿನವರ ತುಟಿ ಕಾಣುತ್ತಿದ್ದರೆ, ಮಿದುಳು ಬಿಟ್ಟ ಸ್ಥಳ ತುಂಬಿಕೊಂಡು ಅರ್ಥ ಕಟ್ಟಿಕೊಡುತ್ತದೆ. ಹರೆಯದ ಮಿದುಳು ಇದರಲ್ಲಿ ಎಷ್ಟು ಜಾಣತನ ತೋರಿಸುತ್ತದೆಂದರೆ, ಅದೇ ತೊಂದರೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಇಂಥ ತೊಂದರೆಯ ಹುಡುಗಿಗೆ ಸಂಜೆಯ ಹೊತ್ತಿಗೆ ತಲೆನೋವು, ಸುಸ್ತು. ಕಾಲೇಜಿನಲ್ಲಿ ಮುಂದಿನ ಬೆಂಚೇ ಬೇಕು. ಹೋಟೆಲಿಗೆ ಗೆಳತಿಯರ ಜೊತೆ ಹೋದರೆ ಎಲ್ಲರೂ ನಕ್ಕಾಗ ತಾನೂ ನಗುತ್ತಾಳೆ. ಯಾತಕ್ಕೆ ನಕ್ಕರು ಎಂದು ಕೇಳುವುದಿಲ್ಲ.

ಕಿವಿಯ ಒಳಭಾಗದಲ್ಲಿ ಕಾಕ್ಲಿಯಾ ಎಂಬ ಸುರುಳಿ ಇದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳು. ಸದ್ದಿನ ಅಲೆಯನ್ನು ನರಕ್ಕೆ ದಾಟಿಸುವವು ಇವೇ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಇಷ್ಟೂ ಸಿದ್ಧವಾಗಿರುತ್ತವೆ, ಆಮೇಲೆ ಒಂದು ಸತ್ತರೂ ಇನ್ನೊಂದು ಹುಟ್ಟುವುದಿಲ್ಲ. ಕೋಳಿಗಳಲ್ಲಿ ಮತ್ತೆ ಹುಟ್ಟುತ್ತವೆ. ಈ ಒಂದು ವಿಷಯದಲ್ಲಿ ನಮ್ಮ ಹಿತ್ತಿಲಿನ ಕೋಳಿ ನಮಗಿಂತ ಪುಣ್ಯವಂತ ಪ್ರಾಣಿ.

ಜೋರು ಸದ್ದು ಎಂದರೆ ಎಷ್ಟು ಜೋರು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಒಂದು ಮಾನದಂಡ ಹೊರಡಿಸಿದವು. ಅದರ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಇದನ್ನು ವಾರದ ಪಡಿ ಎಂದುಕೊಳ್ಳಿ. ಸದ್ದು 3 ಡೆಸಿಬೆಲ್ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ, ಪಡಿ ಅರ್ಧಕ್ಕಿಳಿಯುತ್ತದೆ. 83 ಡೆಸಿಬೆಲ್‌ಗೆ 20 ಗಂಟೆ, 86ಕ್ಕೆ 10, 89ಕ್ಕೆ 5. ಹೀಗೆ ಇಳಿಸುತ್ತ ಹೋದರೆ 101 ಡೆಸಿಬೆಲ್ ಮುಟ್ಟುವಾಗ ಇಡೀ ವಾರಕ್ಕೆ ಇಪ್ಪತ್ತು ನಿಮಿಷವೂ ಪೂರ್ತಿ ಉಳಿಯುವುದಿಲ್ಲ. ಮೊಬೈಲಿನ ವಾಲ್ಯೂಮನ್ನು ಕೊನೆಯವರೆಗೆ ಒತ್ತಿದರೆ ಕೆಲವು ಇಯರ್‌ಫೋನುಗಳು ಆ ಮಟ್ಟ ತಲುಪುತ್ತವೆ. ಗಣಪತಿ ಬಿಡುವ ದಿನ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳ ಮುಂದೆ ಕುಣಿಯುವವರಿಗೆ ಅದು ಸಲೀಸಾಗಿ ನೂರು ದಾಟಿರುತ್ತದೆ. ಅಲ್ಲಿ ವಾರದ ಪಡಿ ಕೆಲವೇ ಹಾಡಿನಲ್ಲಿ ಮುಗಿಯಿತು, ಮೆರವಣಿಗೆಗೆ ಇನ್ನೂ ನಾಲ್ಕು ಗಂಟೆ ಬಾಕಿ. 12ರಿಂದ 35ರ ವಯಸ್ಸಿನ 100 ಕೋಟಿಗೂ ಹೆಚ್ಚು ಮಂದಿಯ ಕಿವಿ ಹೀಗೆ ತಾವಾಗಿ ತಂದುಕೊಳ್ಳುವ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಯರ್‌ಫೋನನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಬಸ್ಸಿನ ಗದ್ದಲವನ್ನು ಮೀರಿಸಲು ನಮಗರಿವಿಲ್ಲದೆ ಬೆರಳು ವಾಲ್ಯೂಮ್ ಏರಿಸುತ್ತದೆ, ಮನೆಗೆ ಬಂದ ಮೇಲೆ ಇಳಿಸಲು ಮರೆಯುತ್ತದೆ. ಹೊರಗಿನ ಗದ್ದಲ ತಡೆಯುವ ಹೆಡ್‌ಫೋನಿದ್ದರೆ ಅದೇ ಹಾಡನ್ನು ಎಷ್ಟೋ ಕಡಿಮೆ ಸದ್ದಿನಲ್ಲಿ ಕೇಳಬಹುದು. ಗಾಡಿ ಓಡಿಸುವಾಗ ಮಾತ್ರ ಅದನ್ನು ಹಾಕಬೇಡಿ.

ಹಾಡಿಗೂ ಹೆಡ್‌ಫೋನಿಗೂ ಸಂಬಂಧವಿಲ್ಲದ ಇನ್ನೊಂದು ಗುಂಪಿದೆ, ಅವರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ. ದೊಡ್ಡಬಳ್ಳಾಪುರದ, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಶೆಡ್ಡಿನೊಳಗೆ ಹದಿನೆಂಟಕ್ಕೇ ಕೆಲಸಕ್ಕಿಳಿದವರು, ಕಲ್ಲು ಕೊರೆಯುವವರು, ಬೋರ್‌ವೆಲ್ ಲಾರಿಯ ಹುಡುಗರು. ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಮಾಮೂಲು. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಮಿತಿ ಎಂದು ಕಾರ್ಖಾನೆಗಳಿಗೆ ನಿಯಮವಿದೆ. ಮನೆಯ ಪಕ್ಕದ ಶೆಡ್ಡಿಗೆ ಮೀಟರು ಹಿಡಿದು ಬರುವವರು ಯಾರು? ಅಲ್ಲಿನವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಹತ್ತಿಯಿಂದ ಹೇಳಿಕೊಳ್ಳುವಷ್ಟು ಉಪಯೋಗವಿಲ್ಲ. ಹಿಂಡಿ ಒಳಗಿಟ್ಟರೆ ಉಬ್ಬಿಕೊಳ್ಳುವ ಫೋಮ್ ಇಯರ್‌ಪ್ಲಗ್ಗು ಬೇಕು. ಅಗ್ಗದ ವಸ್ತು ಅದು. ಸದ್ದಿನಲ್ಲಿ ದುಡಿಯುವವರು ತೊಂದರೆ ಇರಲಿ ಇಲ್ಲದಿರಲಿ ವರ್ಷಕ್ಕೊಮ್ಮೆ ಕಿವಿ ಅಳೆಸಿಕೊಳ್ಳಬೇಕು.

ಜಾತ್ರೆಯಲ್ಲೋ ಮದುವೆಯ ಬ್ಯಾಂಡಿನ ಪಕ್ಕದಲ್ಲೋ ನಿಂತು ಬಂದ ರಾತ್ರಿ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗಿ, ಕಿವಿ ಮುಚ್ಚಿಕೊಂಡಂತಾಗಿ, ಬೆಳಗಿನ ಹೊತ್ತಿಗೆ ಸರಿಹೋದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಸರಿಹೋಯಿತಲ್ಲ ಎಂದು ನಾವೂ ಬಹುಕಾಲ ಸುಮ್ಮನಿದ್ದೆವು. 2009ರಲ್ಲಿ ಬಾಸ್ಟನ್ನಿನ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ಮಾಡಿದ ಅಧ್ಯಯನ ಆ ನೆಮ್ಮದಿ ಕೆಡಿಸಿತು. ಜೋರು ಸದ್ದು ಕೇಳಿಸಿದ ಇಲಿಗಳ ಶ್ರವಣ ಕೆಲವು ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಬಂತು, ರೋಮಕೋಶಗಳೂ ಉಳಿದಿದ್ದವು. ಆದರೆ ಆ ಕೋಶಗಳಿಗೂ ನರಕ್ಕೂ ನಡುವಿನ ಕೊಂಡಿಗಳಲ್ಲಿ ಕೆಲವು ಕಡೆ ಅರ್ಧದಷ್ಟು ಕಳಚಿಹೋಗಿದ್ದವು, ಮರಳಿ ಕೂಡಲಿಲ್ಲ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ನಡೆದೇ ಇದೆ. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದೂ ಗದ್ದಲದಲ್ಲಿ ಮಾತು ತಿಳಿಯದು ಎನ್ನುವವರನ್ನು ಈಗ ನಾವು "ನಿಮಗೇನೂ ಆಗಿಲ್ಲ, ಹೋಗಿ" ಎಂದು ಕಳಿಸುವುದಿಲ್ಲ. ಗದ್ದಲ ಬೆರೆಸಿದ ಮಾತು ಕೇಳಿಸಿ ಇನ್ನೊಮ್ಮೆ ನೋಡುತ್ತೇವೆ.

ಎಲ್ಲ ಕಿವಿಯೂ ಸದ್ದಿನಿಂದಲೇ ಕೆಡುವುದಿಲ್ಲ. ಚಿಕ್ಕಂದಿನಿಂದ ಸೋರುವ ಕಿವಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಸಾಮಾನ್ಯ. ಅದಕ್ಕೆ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡುವುದೂ ಅಷ್ಟೇ ಸಾಮಾನ್ಯ, ತಮಟೆ ತೂತಾದ ಕಿವಿಗೆ ಎಣ್ಣೆ ಬಿಡುವುದೆಂದರೆ ರೋಗಕ್ಕೆ ಊಟ ಹಾಕಿದ ಹಾಗೆ. ಮಂಗನಬಾವು ಬಂದು ಹೋದ ಮಗುವಿನ ಒಂದು ಕಿವಿ ಪೂರ್ತಿ ಹೋಗಿಬಿಡಬಹುದು. ಇನ್ನೊಂದು ಚೆನ್ನಾಗಿರುವುದರಿಂದ ಅದು ಬಯಲಾಗುವುದು ಮುಂದೆಂದೋ ರೈಲ್ವೆ ಇಲ್ಲವೇ ಪೊಲೀಸ್ ಕೆಲಸದ ಮೆಡಿಕಲ್ ಪರೀಕ್ಷೆಯಲ್ಲಿ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಇಂಜೆಕ್ಷನ್ನುಗಳು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ರೋಮಕೋಶಗಳನ್ನು ಕೊಲ್ಲಬಲ್ಲವು. ಜೀವ ಉಳಿಸುವ ಔಷಧಿಗಳವು, ಬೇಡವೆನ್ನುವಂತಿಲ್ಲ, ಕೊಡುವಾಗ ಕಿವಿಯ ಮೇಲೆ ಕಣ್ಣಿಡಬೇಕು. ಕೆಲವು ಮನೆತನಗಳಲ್ಲಿ ತಾಯಿಯ ಕಡೆಯಿಂದ ಬರುವ ಒಂದು ಜೀನ್ ದೋಷವಿರುತ್ತದೆ. ಅಂಥವರಿಗೆ ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ಸ್ವಲ್ಪವಾದರೂ ಸಾಕು, ಕಿವಿ ಹೋಗಬಹುದು. ಇನ್ನು ಸೋದರಮಾವನ, ಅತ್ತೆಮಗನ ಮದುವೆಗಳ ನಮ್ಮ ಸೀಮೆಯಲ್ಲಿ ವಂಶದಿಂದ ಬರುವ ಕಿವುಡಿನ ಪಾಲು ಚಿಕ್ಕದಲ್ಲ. ಅದೇ ಒಂದು ಬೇರೆ ಭಾಷಣದ ವಿಷಯ.

ಒಂದು ಕಾಯಿಲೆಯ ಹೆಸರನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ: ಆಟೋಸ್ಕ್ಲೆರೋಸಿಸ್. ನಡುಗಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಕೊನೆಯದಾದ ರಿಕಾಪು ಅಲುಗಾಡದಂತೆ ಕಚ್ಚಿಕೊಳ್ಳುತ್ತದೆ. ಇಪ್ಪತ್ತರಿಂದ ನಲವತ್ತರ ನಡುವೆ ಶುರು, ಹೆಂಗಸರಲ್ಲಿ ಹೆಚ್ಚು, ಮನೆಯಲ್ಲಿ ಇನ್ನೊಬ್ಬರಿಗೂ ಇರುವುದುಂಟು. ಇವರದು ಉಳಿದವರಿಗೆ ತಿರುಗುಮುರುಗು. ಗದ್ದಲದ ಬಸ್ಸಿನಲ್ಲಿ ಚೆನ್ನಾಗಿ ಕೇಳುತ್ತದೆ, ಸದ್ದಿಲ್ಲದ ಮನೆಯಲ್ಲಿ ಕೇಳುವುದಿಲ್ಲ, ತಾವು ಮಾತಾಡುವುದೂ ಮೆಲ್ಲಗೆ. ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಸರಿಪಡಿಸಬಹುದಾದ ಕಿವುಡು ಇದು. ಹಾಗಿದ್ದೂ ಹತ್ತು ವರ್ಷ ತಡವಾಗಿ ಬರುತ್ತಾರೆ.

ತಡ ಮಾಡಲೇಬಾರದ ಸ್ಥಿತಿ ಒಂದಿದೆ. ಇಷ್ಟು ಹೊತ್ತಿನ ಮಾತಿನಲ್ಲಿ ನೀವು ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ರಾತ್ರಿ ಚೆನ್ನಾಗಿದ್ದವರು ಬೆಳಿಗ್ಗೆ ಎದ್ದಾಗ ಒಂದು ಕಿವಿ ಮುಚ್ಚಿಹೋದಂತಿರುತ್ತದೆ. ನೋವಿಲ್ಲ, ಜ್ವರವಿಲ್ಲ. ಗುಂಯ್ ಎನ್ನುವ ಸದ್ದು ಇರಬಹುದು, ತಲೆ ಸುತ್ತಲೂಬಹುದು. ಗುಗ್ಗೆ ಕಟ್ಟಿದೆ ಎಂದುಕೊಂಡು ಎಣ್ಣೆ ಬಿಡುತ್ತಾರೆ, ನೆಗಡಿ ಎಂದುಕೊಂಡು ಹಬೆ ತೆಗೆದುಕೊಳ್ಳುತ್ತಾರೆ, ಎರಡು ವಾರ ಕಾಯುತ್ತಾರೆ. ಅದು ಒಳಗಿವಿಯ ನರದ ದಿಢೀರ್ ಕಿವುಡಾಗಿರಬಹುದು. ಹಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು. ಎರಡು ವಾರ ಕಳೆದ ಮೇಲೆ ಅದರ ಪ್ರಯೋಜನ ಬೇಗ ಕುಗ್ಗುತ್ತದೆ. ಕೆಲವರಿಗೆ ಔಷಧಿಯಿಲ್ಲದೆ ತಾನಾಗಿಯೇ ವಾಸಿಯಾಗುತ್ತದೆ, ಆ ಕೀರ್ತಿಯೆಲ್ಲ ಎಣ್ಣೆಗೆ ಹೋಗುತ್ತದೆ, ಆ ಎಣ್ಣೆಯ ಕತೆ ಕೇಳಿದ ಇನ್ನೊಬ್ಬರು ಕಿವಿ ಕಳೆದುಕೊಳ್ಳುತ್ತಾರೆ.

ಮನೆಯಲ್ಲೇ ಒಂದು ಸುಳಿವು ಪಡೆಯಬಹುದು. ಬಾಯಿ ಮುಚ್ಚಿ "ಮ್‌ಮ್‌" ಎಂದು ಗುನುಗಿ. ಆ ಸದ್ದು ಮುಚ್ಚಿದ ಕಿವಿಯಲ್ಲಿ ಜೋರಾಗಿ ಕೇಳಿದರೆ ಗುಗ್ಗೆ ಅಥವಾ ನೆಗಡಿಯ ಕಟ್ಟು ಇರುವ ಸಂಭವ ಹೆಚ್ಚು. ಸರಿಯಿರುವ ಕಿವಿಯಲ್ಲಿ ಜೋರಾಗಿ ಕೇಳಿದರೆ ಕೂಡಲೇ ಹೊರಡಿ. ಸುಳಿವು ಯಾವ ಕಡೆಗಿದ್ದರೂ ಒಂದೆರಡು ದಿನದೊಳಗೆ ಇಎನ್‌ಟಿ ವೈದ್ಯರಿಗೆ ತೋರಿಸಿ, ಕಿವಿಯ ಅಳತೆಯ ನಕ್ಷೆಯಾದ ಆಡಿಯೋಗ್ರಾಂ ಮಾಡಿಸಿಕೊಳ್ಳಿ. 2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ವಿಮಾನದಿಂದ ಇಳಿದಾಗ ಕಿವಿ ಕೇಳದಾಯಿತೆಂದು, ವೈರಸ್ಸಿನಿಂದಾದ ನರದ ಕಿವುಡೆಂದು ವೈದ್ಯರು ಹೇಳಿದರೆಂದು ತಾವೇ ಪ್ರಕಟಿಸಿದ್ದರು. ಜೊತೆಗೆ ಜೋರು ಸಂಗೀತದ, ಹೆಡ್‌ಫೋನಿನ ಬಗ್ಗೆ ಕಿರಿಯರನ್ನು ಎಚ್ಚರಿಸಿದರು. ಎಚ್ಚರಿಕೆ ಒಳ್ಳೆಯದೇ. ಆದರೆ ವೈರಸ್ಸಿನ ಕಿವುಡು ಬೇರೆ, ಹೆಡ್‌ಫೋನಿನ ಕಿವುಡು ಬೇರೆ. ಒಂದು ರಾತ್ರೋರಾತ್ರಿ ಬರುತ್ತದೆ, ಇನ್ನೊಂದು ಹತ್ತು ವರ್ಷ ತೆಗೆದುಕೊಳ್ಳುತ್ತದೆ.

ಅಷ್ಟು ಅವಸರವಿಲ್ಲದಿದ್ದರೂ ಹೋಗಲೇಬೇಕಾದ ಸಂದರ್ಭಗಳೂ ಇವೆ. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತೀರಾ? ಒಮ್ಮೆ ಇನ್ನೊಂದಕ್ಕೆ ಹಿಡಿದು ನೋಡಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಬನ್ನಿ, ಏಕೆಂದರೆ ಒಂದೇ ಕಡೆಯ ಕಿವುಡಿಗೂ ಒಂದೇ ಕಡೆಯ ಗುಂಯ್‌ಗುಡುವಿಕೆಗೂ ಹಿಂದೆ ಅಪರೂಪಕ್ಕೆ ನರದ ಮೇಲಿನ ಗಡ್ಡೆ ಇರುತ್ತದೆ. ಗುಂಯ್‌ಗುಡುವುದು ಎರಡು ಮೂರು ದಿನವಾದರೂ ನಿಲ್ಲದಿದ್ದರೆ ಬನ್ನಿ. ನೀವು ಈ ಭಾಷಣ ಕೇಳುತ್ತಿರುವ ರೇಡಿಯೋದ ಸದ್ದನ್ನು ಮನೆಯ ಬೇರೆಯವರು ಬಂದು ಇಳಿಸಿ ಹೋಗುತ್ತಿದ್ದರೆ ಬನ್ನಿ. ನಿಮ್ಮ ಸುತ್ತಲಿನ ಎಲ್ಲರೂ ಈಚೆಗೆ ತೊದಲುತ್ತ ಮಾತಾಡತೊಡಗಿದ್ದಾರೆ ಎನ್ನಿಸಿದರಂತೂ ಖಂಡಿತ ಬನ್ನಿ. ಎಲ್ಲರ ನಾಲಿಗೆ ಒಟ್ಟಿಗೆ ಕೆಡುವುದಿಲ್ಲ.

ಎಲ್ಲಿಗೆ ಹೋಗುವುದು? ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಲೆಸುತ್ತಿದ್ದರೆ ಮೊದಲು ಇಎನ್‌ಟಿ ವೈದ್ಯರು. ಕೇಳುವುದರ ಬಗ್ಗೆಯೇ ಅನುಮಾನವಿದ್ದರೆ ಆಡಿಯಾಲಜಿಸ್ಟ್. ನಾವು ಔಷಧಿ ಬರೆಯುವವರಲ್ಲ, ಶಸ್ತ್ರಕ್ರಿಯೆ ಮಾಡುವವರಲ್ಲ. ಔಷಧಿ ಬೇಕೆನ್ನಿಸಿದರೆ ವೈದ್ಯರ ಬಳಿ ಕಳಿಸುತ್ತೇವೆ. ಆಡಿಯಾಲಜಿಸ್ಟ್ ಆದವರು ಪದವಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. "ಉಚಿತ ಕಿವಿ ಪರೀಕ್ಷೆ" ಎಂಬ ಬೋರ್ಡಿನ ಅಂಗಡಿಯಲ್ಲಿ ನಿಮ್ಮನ್ನು ಪರೀಕ್ಷಿಸುವವರು ಯಾರು ಎಂಬುದನ್ನು ಮೊದಲು ಕೇಳಿ, ಯಂತ್ರದ ಬೆಲೆಯನ್ನು ಆಮೇಲೆ ಕೇಳಿ. ನಮ್ಮ ರಾಜ್ಯದವರಿಗೆ ಈ ವಿಷಯದಲ್ಲಿ ಒಂದು ಅದೃಷ್ಟವಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಆಟೋದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಎಂದರೆ ಸಾಕು. ಕನ್ನಡ ಮಾತಿನಿಂದಲೇ ಕಿವಿಯನ್ನು ಪರೀಕ್ಷಿಸುವ ಪದಪಟ್ಟಿಗಳು ಸಿದ್ಧವಾದದ್ದು ಅಲ್ಲೇ. ಅಷ್ಟು ದೂರ ಹೋಗಲಾಗದವರಿಗೆ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ, ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಆಗುತ್ತದೆ.

ಪರೀಕ್ಷೆಗೆ ಹೆದರುವಂಥದ್ದು ಏನೂ ಇಲ್ಲ. ಸೂಜಿಯಿಲ್ಲ, ನೋವಿಲ್ಲ. ಮೊದಲು ದೀಪ ಹಿಡಿದು ಕಿವಿಯೊಳಗೆ ನೋಡುತ್ತೇವೆ. ಗುಗ್ಗೆಯೇ ಕಾರಣವಾಗಿದ್ದರೆ ಅಲ್ಲೇ ಅರ್ಧ ಕೆಲಸ ಮುಗಿಯಿತು. ಆಮೇಲೆ ಸದ್ದು ನುಗ್ಗದ ಒಂದು ಚಿಕ್ಕ ಕೋಣೆ, ತಲೆಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಎಷ್ಟೇ ಸಣ್ಣದಾಗಿ ಪೀಪ್ ಎಂದರೂ ಒತ್ತಬೇಕು. 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದು ಕಿವಿಯನ್ನೂ ಬೇರೆಬೇರೆಯಾಗಿ ಅಳೆದು ನಕ್ಷೆ ಬರೆಯುತ್ತೇವೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸುವ ಗುರುತು. ಕಿವಿಯ ಹಿಂದಿನ ಮೂಳೆಯ ಮೇಲೆ ಕಂಪಕವಿಟ್ಟು ಇನ್ನೊಮ್ಮೆ ಕೇಳಿಸಿದರೆ ತೊಂದರೆ ಹೊರಗಿನದೋ ಒಳಗಿನ ನರದ್ದೋ ತಿಳಿಯುತ್ತದೆ. ಬಳಿಕ ಪದಗಳು. ಕೇಳಿದ್ದನ್ನು ಹಾಗೆಯೇ ಹೇಳಬೇಕು. ಇದನ್ನೂ ಕೆಲವರು ಶಾಲೆಯ ಪರೀಕ್ಷೆಯಂತೆ ಭಾವಿಸಿ, ಊಹಿಸಿ ಹೇಳಿ, ಹೆಚ್ಚು ಅಂಕ ತೆಗೆಯಲು ನೋಡುತ್ತಾರೆ. ಹಾಗೆ ಪಾಸಾದರೆ ನಷ್ಟ ನಿಮಗೇ.

ನಕ್ಷೆಯಲ್ಲಿ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಸರಿ. ಹರೆಯದವರಲ್ಲಿ ಹೆಚ್ಚಾಗಿ ಕಾಣುವುದು 25, 30, 40ರ ಇಳಿತ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಶ್ರವಣದೋಷ ಎಂದು ಎಣಿಸಲು ಎರಡೂ ಕಿವಿಯಲ್ಲಿ 60 ಡೆಸಿಬೆಲ್ ಆದರೂ ಬೇಕು. ಹಾಗಾಗಿ ಈ ಹರೆಯದವರಿಗೆ ಪ್ರಮಾಣಪತ್ರವಿಲ್ಲ, ಮೀಸಲಾತಿಯಿಲ್ಲ, ಮೇಷ್ಟರಿಗೆ ತೋರಿಸಲು ಒಂದು ಕಾಗದವಿಲ್ಲ. ಇತ್ತ ಪಾಠವೂ ಪೂರ್ತಿ ಕೇಳುವುದಿಲ್ಲ. ಇಂಥವರಿಗೆ ಶ್ರವಣ ಸಾಧನ ಸಲಹೆ ಮಾಡಿದರೆ ಮೊದಲು ಅಳುವುದು ತಾಯಿ. "ಹುಡುಗಿ ಮದುವೆಗಿದಾಳೆ ಮೇಡಂ." ಕನ್ನಡಕಕ್ಕೆ ಯಾರೂ ಅಳುವುದಿಲ್ಲ, ಅದಕ್ಕೆ ಫ್ರೇಮು ಆರಿಸಲು ಗೆಳತಿಯರನ್ನು ಕರೆದುಕೊಂಡು ಹೋಗುತ್ತಾರೆ. ಈ ಅನ್ಯಾಯಕ್ಕೆ ನನ್ನ ಬಳಿ ಉತ್ತರವಿಲ್ಲ. ವೈರ್‌ಲೆಸ್ ಇಯರ್‌ಫೋನು ಎಲ್ಲರ ಕಿವಿಯಲ್ಲೂ ನೇತಾಡುವ ಈ ಕಾಲದಲ್ಲಿ ಶ್ರವಣ ಸಾಧನವನ್ನು ಯಾರೂ ಗಮನಿಸುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಅಂತರಜಾಲದಲ್ಲಿ ಸಿಗುವ ಅಗ್ಗದ ಸದ್ದುವರ್ಧಕ ಬೇಡ. ಅದು ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸಿ ಉಳಿದ ಕಿವಿಯನ್ನೂ ಕೆಡಿಸಬಹುದು. ನಿಮ್ಮ ನಕ್ಷೆಗೆ ಹೊಂದಿಸಿದ ಯಂತ್ರವನ್ನು ಹಾಕಿ ನೋಡಿ, ಅದಕ್ಕೆ ಒಗ್ಗಲು ಮಿದುಳಿಗೆ ಕೆಲವು ವಾರ ಕೊಡಿ, ಆಮೇಲೆ ತೀರ್ಮಾನಿಸಿ.

ಪರೀಕ್ಷೆಗೆ ಬರುವ ಹಿಂದಿನ ದಿನ ಜಾತ್ರೆ, ಬ್ಯಾಂಡು, ಮಗ್ಗದ ಪಾಳಿ ಇಲ್ಲದಂತೆ ನೋಡಿಕೊಳ್ಳಿ. ದಣಿದ ಕಿವಿಯ ಅಳತೆ ತಪ್ಪುತ್ತದೆ. ತೆಗೆದುಕೊಂಡ ಮಾತ್ರೆ, ಇಂಜೆಕ್ಷನ್ನುಗಳ ಚೀಟಿ ತನ್ನಿ. ನಕ್ಷೆಯ ಒಂದು ಪ್ರತಿ ಕೇಳಿ ಪಡೆದು ಇಟ್ಟುಕೊಳ್ಳಿ, ಮುಂದಿನ ವರ್ಷದ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ನಿಮಗೆ ಕಿವಿ ಕೇಳುವುದಿಲ್ಲ ಎಂದು ಮನೆಯಲ್ಲಿ ದಿನವೂ ಜಗಳವಾಡುವವರು ಯಾರಿದ್ದಾರೋ ಅವರನ್ನೂ ಜೊತೆಗೆ ಕರೆತನ್ನಿ. ನಾವು ಪ್ರಶ್ನೆ ಕೇಳುವುದು ಮೊದಲು ಅವರನ್ನೇ.